ಕರೆಗಂಟೆ ಒತ್ತುವ ಮುನ್ನ ಫಲಕ ಓದಿ

ವೈದ್ಯರ ಮನೆಯ ಗೋಡೆಯ ಮೇಲೆ ಒಂದು ಫಲಕವಿರುತ್ತದೆ. ಹೆಸರು, ಪದವಿ, ನೋಂದಣಿ ಸಂಖ್ಯೆ, ಯಾವ ಕಾಯಿಲೆಗೆ ಚಿಕಿತ್ಸೆ, ನೋಡುವ ವೇಳೆ ಎಲ್ಲವನ್ನೂ ಅದರಲ್ಲಿ ಬರೆದಿರುತ್ತಾರೆ. ಕೊನೆಯಲ್ಲಿ ‘ತುರ್ತಾಗಿದ್ದರೆ ಕರೆಗಂಟೆ ಒತ್ತಿ’ ಎಂಬ ಸಾಲು. ರಾತ್ರಿ ಹನ್ನೊಂದು ಗಂಟೆಗೆ ಆ ದಾರಿಯಲ್ಲಿ ಹೋಗುವವರೂ ಅದನ್ನು ಓದಿ, ಇಲ್ಲೊಬ್ಬ ಮಕ್ಕಳ ವೈದ್ಯರಿದ್ದಾರೆ ಎಂದು ತಿಳಿದುಕೊಳ್ಳಬಹುದು. ಅಷ್ಟು ತಿಳಿಯಲು ವೈದ್ಯರನ್ನು ನಿದ್ದೆಯಿಂದ ಎಬ್ಬಿಸಬೇಕಾಗಿಲ್ಲ.

ಕೆಲಸ ಮಾಡುವವರು ಬೇರೆ, ಆ ಕೆಲಸದ ಬಗೆಗಿನ ಮಾಹಿತಿ ಬೇರೆ. ಇವೆರಡನ್ನೂ ಬೇರ್ಪಡಿಸಿ ಇಡುವುದರಲ್ಲಿ ಒಂದು ಜಾಣತನವಿದೆ. ಕಂಪ್ಯೂಟರ್ ಲೋಕವೂ ಈ ಜಾಣತನವನ್ನು ಅನುಭವದಿಂದ ನಿಧಾನವಾಗಿ ಕಲಿತುಕೊಂಡಿದೆ. ಪ್ರೋಗ್ರಾಮ್ ಬರೆಯಲು ಬಳಸುವ ಟೆಕ್ಸ್ಟ್ ಎಡಿಟರ್‌ನಲ್ಲಿ ಅದರ ಒಳ್ಳೆಯ ಉದಾಹರಣೆ ಸಿಗುತ್ತದೆ. ಪಿಯುಸಿಯಿಂದ ಎಂಜಿನಿಯರಿಂಗ್‌ವರೆಗೆ ಅನೇಕ ವಿದ್ಯಾರ್ಥಿಗಳು ದಿನವೂ ಈ ಎಡಿಟರ್‌ನ ಮುಂದೆ ಕೂರುತ್ತಾರೆ. ಅದಕ್ಕೆ ಹೊಸ ಹೊಸ ಸೌಲಭ್ಯಗಳನ್ನು ಜೋಡಿಸಿಕೊಳ್ಳುತ್ತಾರೆ. ‘ಇನ್‌ಸ್ಟಾಲ್’ ಎಂಬ ಗುಂಡಿ ಒತ್ತಲು ಒಂದು ಕ್ಷಣ ಸಾಕು. ಆದರೆ ಆ ಕ್ಷಣದಲ್ಲಿ ಮನೆಯ ಕಂಪ್ಯೂಟರ್‌ನೊಳಗೆ ಬಂದವರು ಯಾರು, ಏನು ಮಾಡಲು ಬಂದರು ಎಂಬುದನ್ನು ವಿದ್ಯಾರ್ಥಿಗಳೂ ವಿಚಾರಿಸುವುದಿಲ್ಲ, ಹೆತ್ತವರಿಗೂ ತಿಳಿದಿರುವುದಿಲ್ಲ. ಅದನ್ನು ತಿಳಿಸುವ ಫಲಕ ಅಲ್ಲೇ ಇರುತ್ತದೆ. ಓದಲು ಬರಬೇಕು, ಅಷ್ಟೆ.

ಎಡಿಟರ್‌ಗೇಕೆ ಪೂರಕ?

ಟೆಕ್ಸ್ಟ್ ಎಡಿಟರ್ ಎಂದರೆ ಸಾದಾ ಅಕ್ಷರಗಳನ್ನು ಬರೆಯುವ, ತಿದ್ದುವ ಸಾಧನ. ಪತ್ರ ಬರೆಯುವ ವರ್ಡ್ ಪ್ರೊಸೆಸರ್‌ನಂತೆ ಅದು ದಪ್ಪಕ್ಷರ, ಬಣ್ಣ, ಅಂಚಿನ ಅಳತೆಗಳನ್ನು ಕಡತದೊಳಗೆ ಸೇರಿಸುವುದಿಲ್ಲ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಮಾತ್ರ ಕಡತದಲ್ಲಿ ಉಳಿಯುತ್ತದೆ. ಕಂಪ್ಯೂಟರ್ ಭಾಷೆಗಳಲ್ಲಿ ಪ್ರೋಗ್ರಾಮ್ ಬರೆಯಲು ಇಂಥ ಶುದ್ಧ ಕಡತವೇ ಬೇಕು.

ಆದರೆ ಬಳಸುವವರ ಬೇಡಿಕೆಗಳು ನೂರಾರು. ಪೈಥಾನ್ ಬರೆಯುವವರಿಗೆ ಅದರ ವ್ಯಾಕರಣ ತಪ್ಪುಗಳನ್ನು ತೋರಿಸಬೇಕು. ವೆಬ್ ಪುಟ ಬರೆಯುವವರಿಗೆ ಬಣ್ಣಗಳ ಪಟ್ಟಿ ಬೇಕು. ಕಣ್ಣು ನೋಯುವವರಿಗೆ ಕಪ್ಪು ಹಿನ್ನೆಲೆ ಬೇಕು. ಎಲ್ಲವನ್ನೂ ಒಂದೇ ತಂತ್ರಾಂಶದಲ್ಲಿ ತುರುಕಿದರೆ ಅದು ಮದುವೆ ಮನೆಯ ಉಗ್ರಾಣದಂತಾಗುತ್ತದೆ. ಬೇಕಾದ ಒಂದು ಸೌಟು ಹುಡುಕಲು ಅರ್ಧ ಗಂಟೆ. ಆದ್ದರಿಂದ ಎಡಿಟರ್ ತಯಾರಿಸುವವರು ಮೂಲ ತಂತ್ರಾಂಶವನ್ನು ಚಿಕ್ಕದಾಗಿ ಇಟ್ಟು, ಉಳಿದ ಸೌಲಭ್ಯಗಳನ್ನು ಬೇರೆಯವರು ಬರೆದು ಸೇರಿಸಲು ಬಾಗಿಲು ತೆರೆದಿಟ್ಟರು. ಹೀಗೆ ಸೇರುವ ತುಣುಕುಗಳನ್ನು ಆಡ್-ಆನ್, ಪ್ಲಗಿನ್, ಎಕ್ಸ್‌ಟೆನ್ಷನ್ ಎಂದೆಲ್ಲ ಕರೆಯುತ್ತಾರೆ. ಇಲ್ಲಿ ‘ಪೂರಕ’ ಎನ್ನೋಣ.

ಪೂರಕವೊಂದು ಎಡಿಟರ್‌ನ ಬಾಗಿಲಿಗೆ ಬಂದಾಗ ತನ್ನ ಪರಿಚಯ ಹೇಳಿಕೊಳ್ಳಬೇಕಲ್ಲ? ಆ ಪರಿಚಯ ಪತ್ರವೇ ನೋಂದಣಿ ಕಡತ. ವೈದ್ಯರ ಮನೆಯ ಫಲಕದ ಕೆಲಸವನ್ನು ಮಾಡುವುದು ಇದೇ.

ಎಲ್ಲರನ್ನೂ ಎಬ್ಬಿಸುತ್ತಿದ್ದ ಕಾಲ

ಮೊದಲು ಹೀಗಿರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಈಮ್ಯಾಕ್ಸ್ ಎಂಬ ಎಡಿಟರ್ ರೂಪುಗೊಂಡಿತು. ಅದೇ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಅವರು ವಿಐ ಎಡಿಟರ್ ಬರೆದರು. ಇದರ ಜಾಡಿನಲ್ಲೇ ಹೆಚ್ಚಿನ ಸೌಲಭ್ಯಗಳೊಂದಿಗೆ ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಅವರ ವಿಮ್ 1991ರಲ್ಲಿ ಹೊರಬಂತು. ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಈಮ್ಯಾಕ್ಸ್ 1985ರಲ್ಲೇ ಬಂದಿತ್ತು. ಈಮ್ಯಾಕ್ಸ್, ವಿಮ್ ಎರಡೂ ಇಂದಿಗೂ ಬಳಕೆಯಲ್ಲಿವೆ.

ಇವುಗಳಲ್ಲಿ ಬಳಕೆದಾರರು ತಮ್ಮದೇ ಒಂದು ಆರಂಭಿಕ ಕಡತ ಇಟ್ಟುಕೊಳ್ಳುತ್ತಾರೆ. ಯಾವ ಗುಂಡಿ ಒತ್ತಿದರೆ ಏನಾಗಬೇಕು, ಯಾವ ಪೂರಕ ಬೇಕು ಎಂಬ ಆದೇಶಗಳನ್ನು ಅದರಲ್ಲಿ ಬರೆಯುತ್ತಾರೆ. ಎಡಿಟರ್ ತೆರೆದಾಗಲೆಲ್ಲ ಆ ಆದೇಶಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಯುತ್ತವೆ. ಗಮನಿಸಿ, ಈ ಕಡತ ಬರೀ ಮಾಹಿತಿಯ ಪಟ್ಟಿಯಲ್ಲ. ಅದೇ ಒಂದು ಪ್ರೋಗ್ರಾಮ್.

ಇದರಿಂದ ಬಳಕೆದಾರರಿಗೆ ಸ್ವಾತಂತ್ರ್ಯ ಸಿಕ್ಕಿತು, ಜೊತೆಗೆ ಮೂರು ತೊಡಕುಗಳೂ ಬಂದವು. ಮೊದಲನೆಯದು, ಪೂರಕಗಳು ಹೆಚ್ಚಿದಂತೆ ಎಡಿಟರ್ ತೆರೆದುಕೊಳ್ಳುವುದು ನಿಧಾನವಾಯಿತು. ಒಂದು ಸಾಲು ತಿದ್ದಬೇಕಾದವರೂ ಐವತ್ತು ಪೂರಕಗಳು ಎದ್ದು ಹಲ್ಲುಜ್ಜಿ ಬರುವವರೆಗೆ ಕಾಯಬೇಕು. ಎರಡನೆಯದು, ಈಮ್ಯಾಕ್ಸ್‌ನಂಥ ಎಡಿಟರ್‌ನಲ್ಲಿ ಆರಂಭಿಕ ಕಡತದ ನಡುವೆ ಒಂದು ತಪ್ಪು ಸಾಲಿದ್ದರೆ ಅದರ ಕೆಳಗಿನ ಆದೇಶಗಳೆಲ್ಲ ಅಲ್ಲಿಗೇ ನಿಂತುಬಿಡುತ್ತವೆ. ಮೂರನೆಯದು, ಎರಡು ಪೂರಕಗಳು ಒಂದೇ ಗುಂಡಿಯನ್ನು ಬಯಸಿದರೆ ಕೊನೆಗೆ ಬಂದದ್ದು ಮೊದಲು ಬಂದದ್ದನ್ನು ಸದ್ದಿಲ್ಲದೆ ತಳ್ಳಿಹಾಕುತ್ತದೆ.

ಪರಿಹಾರದ ಮೊದಲ ಹೆಜ್ಜೆ ಈಮ್ಯಾಕ್ಸ್‌ನಲ್ಲೇ ಬಂತು. ‘ಆಟೊಲೋಡ್’ ಎಂಬ ಏರ್ಪಾಡಿನಲ್ಲಿ ಇಂಥ ಆಜ್ಞೆ ಇಂಥ ಕಡತದಲ್ಲಿದೆ ಎಂದಷ್ಟೇ ಹೇಳಿಡುತ್ತಾರೆ. ಯಾರಾದರೂ ಆ ಆಜ್ಞೆಯನ್ನು ಕರೆದಾಗ ಮಾತ್ರ ಆ ಕಡತವನ್ನು ಒಳಗೆ ತರಲಾಗುತ್ತದೆ. ಮುಂದೆ 2001ರಲ್ಲಿ ಐಬಿಎಂ ಸಂಸ್ಥೆ ಎಲ್ಲರಿಗೂ ತೆರೆದಿಟ್ಟ ಎಕ್ಲಿಪ್ಸ್ ಎಂಬ ತಂತ್ರಾಂಶ ಈ ವಿಚಾರವನ್ನು ಒಂದು ನಿಯಮವನ್ನಾಗಿಯೇ ಮಾಡಿತು. ಪ್ರತಿಯೊಂದು ಪೂರಕವೂ ‘ಪ್ಲಗಿನ್ ಡಾಟ್ ಎಕ್ಸ್ಎಂಎಲ್’ ಎಂಬ ಕಡತದಲ್ಲಿ ತಾನು ಕೊಡುವ ಮೆನು, ಗುಂಡಿ, ಕಿಟಕಿಗಳ ಪಟ್ಟಿ ಕೊಡಬೇಕು. ಎಕ್ಲಿಪ್ಸ್ ಆ ಪಟ್ಟಿಯನ್ನು ನೋಡಿ ಮೆನುವನ್ನು ತೋರಿಸುತ್ತದೆ. ಪೂರಕದ ನಿಜವಾದ ಪ್ರೋಗ್ರಾಮ್ ಮಾತ್ರ ಕರೆ ಬರುವವರೆಗೆ ಮಲಗಿರುತ್ತದೆ.

ಎಕ್ಲಿಪ್ಸ್‌ನ ಜಾವಾ ಸಾಧನಗಳ ತಂಡವನ್ನು ಮುನ್ನಡೆಸಿದ್ದ ಎರಿಕ್ ಗಾಮಾ ಅವರು 2011ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರ ನೇತೃತ್ವದಲ್ಲಿ ಬೆಳೆದ ‘ವಿಷುಯಲ್ ಸ್ಟುಡಿಯೋ ಕೋಡ್’ ಎಂಬ ಎಡಿಟರ್ 2015ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಇದರ ಚಿಕ್ಕ ಹೆಸರು ವಿಎಸ್ ಕೋಡ್. ಉಚಿತವಾಗಿ ಸಿಗುವುದರಿಂದ ಕಾಲೇಜು ವಿದ್ಯಾರ್ಥಿಗಳಿಗೆ ಇದರ ಪರಿಚಯ ಹೆಚ್ಚು. ಫಲಕ ಓದುವ ಅಭ್ಯಾಸಕ್ಕೂ ಇದೇ ಅನುಕೂಲ.

ಫಲಕದ ಮೇಲೆ ಏನೇನಿರುತ್ತದೆ?

ವಿಎಸ್ ಕೋಡ್‌ನ ಪ್ರತಿಯೊಂದು ಪೂರಕದ ಫೋಲ್ಡರ್‌ನಲ್ಲೂ ‘ಪ್ಯಾಕೇಜ್ ಡಾಟ್ ಜೇಸನ್’ ಎಂಬ ಕಡತವಿರುತ್ತದೆ. ಈ ಹೆಸರೂ ಅಚ್ಚೂ ಎಡಿಟರ್‌ನ ಸ್ವಂತದ್ದಲ್ಲ. ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಮ್‌ಗಳನ್ನು ಹಂಚುವ ಎನ್‌ಪಿಎಂ ಎಂಬ ವ್ಯವಸ್ಥೆ 2010ರಿಂದ ಬಳಕೆಗೆ ತಂದ ಕಡತವನ್ನೇ ತೆಗೆದುಕೊಂಡು, ತನಗೆ ಬೇಕಾದ ಕೆಲವು ಕಲಂಗಳನ್ನು ಸೇರಿಸಿಕೊಂಡಿದೆ.

ಉದಾಹರಣೆಗೆ, ವಿದ್ಯಾರ್ಥಿನಿಯೊಬ್ಬಳು ಕನ್ನಡ ಪ್ರಬಂಧದಲ್ಲಿ ಎಷ್ಟು ಪದಗಳಿವೆ ಎಂದು ಎಣಿಸುವ ಪೂರಕ ಬರೆಯುತ್ತಾಳೆ ಎಂದುಕೊಳ್ಳಿ. ಅವಳ ಕಡತದಲ್ಲಿ ಮುಖ್ಯವಾಗಿ ಇವು ಇರಬೇಕು. ಮೂಲ ಕಡತದಲ್ಲಿ ಕಲಂಗಳ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ.

‘ನೇಮ್’ ಎಂದರೆ ಪೂರಕದ ಹೆಸರು. ಇದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಬೇಕು. ‘ಪಬ್ಲಿಷರ್’ ಎಂದರೆ ಪ್ರಕಟಿಸಿದವರ ಹೆಸರು. ಈ ಎರಡೂ ಸೇರಿದರೆ ಪೂರಕದ ಪೂರ್ಣ ಗುರುತು. ಒಂದೇ ತರಗತಿಯಲ್ಲಿ ಇಬ್ಬರು ರಮೇಶರಿದ್ದರೆ ಇನಿಷಿಯಲ್ ನೋಡಿ ಬೇರ್ಪಡಿಸುತ್ತಾರಲ್ಲ, ಹಾಗೆ. ‘ಡಿಸ್‌ಪ್ಲೇ ನೇಮ್’ ಎಂಬುದು ತೆರೆಯ ಮೇಲೆ ಕಾಣುವ ಚಂದದ ಹೆಸರು.

‘ವರ್ಷನ್’ ಪೂರಕದ ಆವೃತ್ತಿ. ‘ಎಂಜಿನ್ಸ್’ ಎಂಬ ಕಲಂನಲ್ಲಿ ಎಡಿಟರ್‌ನ ಯಾವ ಆವೃತ್ತಿಯ ಮೇಲೆ ಇದು ನಡೆಯುತ್ತದೆ ಎಂದು ಹೇಳಬೇಕು. ‘ಮೇನ್’ ಎಂಬುದು ನಿಜವಾದ ಪ್ರೋಗ್ರಾಮ್ ಯಾವ ಕಡತದಲ್ಲಿದೆ ಎಂಬ ವಿಳಾಸ. ‘ಆಕ್ಟಿವೇಷನ್ ಈವೆಂಟ್ಸ್’ ಎಂಬುದು ಯಾವಾಗ ಎಬ್ಬಿಸಬೇಕು ಎಂಬ ಸೂಚನೆ, ಅಂದರೆ ಕರೆಗಂಟೆ.

ಎಲ್ಲಕ್ಕಿಂತ ದೊಡ್ಡ ಕಲಂ ‘ಕಾಂಟ್ರಿಬ್ಯೂಟ್ಸ್’. ತಾನು ಎಡಿಟರ್‌ಗೆ ಏನೇನು ಕೊಡುತ್ತೇನೆ ಎಂಬ ಪಟ್ಟಿ ಇಲ್ಲಿದೆ. ಆಜ್ಞೆಗಳು, ಮೆನುವಿನ ಸಾಲುಗಳು, ಕೀಲಿಮಣೆಯ ಗುಂಡಿಗಳು, ಬಣ್ಣದ ವಿನ್ಯಾಸ, ಹೊಸ ಭಾಷೆಯ ಪರಿಚಯ, ಬಳಕೆದಾರರು ಬದಲಿಸಬಹುದಾದ ಆಯ್ಕೆಗಳು ಎಲ್ಲವೂ ಇದರೊಳಗೇ. ನಮ್ಮ ವಿದ್ಯಾರ್ಥಿನಿ ಒಂದು ಆಜ್ಞೆಯನ್ನು ನೋಂದಾಯಿಸಿ, ಅದರ ಶೀರ್ಷಿಕೆ ‘ಪದಗಳನ್ನು ಎಣಿಸು’ ಎಂದು ಕನ್ನಡದಲ್ಲೇ ಬರೆಯಬಹುದು. ಎಡಿಟರ್ ತನ್ನ ಆಜ್ಞೆಗಳ ಪಟ್ಟಿಯಲ್ಲಿ ಅದನ್ನು ಹಾಗೆಯೇ ತೋರಿಸುತ್ತದೆ. ಆಗ ಅವಳ ಪ್ರೋಗ್ರಾಮ್ ಇನ್ನೂ ಎದ್ದಿರುವುದೇ ಇಲ್ಲ!

ಇಲ್ಲೊಂದು ಎಚ್ಚರಿಕೆ. ಪ್ರತಿ ಆಜ್ಞೆಗೂ ಶೀರ್ಷಿಕೆಯ ಜೊತೆಗೆ ಒಂದು ಒಳಹೆಸರು ಇರುತ್ತದೆ. ನೋಂದಣಿ ಕಡತದಲ್ಲಿ ಬರೆದ ಒಳಹೆಸರು, ಪ್ರೋಗ್ರಾಮ್‌ನೊಳಗೆ ಬರೆದ ಒಳಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಕೂಡದು. ಹೊಂದದಿದ್ದರೆ ಮೆನುವಿನಲ್ಲಿ ಹೆಸರೇನೋ ಕಾಣುತ್ತದೆ, ಒತ್ತಿದರೆ ‘ಆಜ್ಞೆ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಹೊರಗೆ ‘ಹಲ್ಲಿನ ಚಿಕಿತ್ಸೆ’ ಎಂಬ ಫಲಕ, ಒಳಗೆ ಹಲ್ಲಿನ ವೈದ್ಯರೇ ಇಲ್ಲ ಎಂಬಂಥ ಸ್ಥಿತಿ. ಹೊಸದಾಗಿ ಪೂರಕ ಬರೆಯುವವರು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವುದು ಇಂಥ ಒಂದಕ್ಷರದ ತಪ್ಪಿಗೆ.

ಅಲ್ಪವಿರಾಮ ಅಲ್ಪವಲ್ಲ

ಕಡತದ ಹೆಸರಿನ ಕೊನೆಯಲ್ಲಿರುವ ಜೇಸನ್ ಎಂಬುದು ಬರೆಯುವ ರೀತಿಯ ಹೆಸರು. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಅವರು 2001ರ ಸುಮಾರಿಗೆ ಇದಕ್ಕೆ ರೂಪ ಕೊಟ್ಟರು. 2013ರಲ್ಲಿ ಎಕ್ಮಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಅಧಿಕೃತ ಮಾನಕವಾಗಿ ಪ್ರಕಟಿಸಿತು. ಮಾಹಿತಿಯನ್ನು ಮನುಷ್ಯರೂ ಓದಬೇಕು, ಯಂತ್ರವೂ ತಪ್ಪಿಲ್ಲದೆ ಓದಬೇಕು ಎಂಬುದು ಅದರ ಗುರಿ. ಒಂದು ಮಾದರಿ ಹೀಗಿದೆ:

{
  "ಹೆಸರು": "ಸುಮಾ",
  "ತರಗತಿ": 9,
  "ವಿಷಯಗಳು": ["ಕನ್ನಡ", "ಗಣಿತ", "ವಿಜ್ಞಾನ"]
}

ಇಷ್ಟೇ. ಹೂವಿನ ಆವರಣದೊಳಗೆ ಜೋಡಿಗಳಿವೆ. ಎಡಗಡೆ ಕಲಂನ ಹೆಸರು, ನಡುವೆ ವಿವರಣ ಚಿಹ್ನೆ, ಬಲಗಡೆ ಮೌಲ್ಯ. ಎರಡು ಜೋಡಿಗಳ ನಡುವೆ ಅಲ್ಪವಿರಾಮ. ಪಟ್ಟಿ ಇದ್ದರೆ ಚೌಕ ಆವರಣ. ಹೈಸ್ಕೂಲಿನ ಮಕ್ಕಳು ಹತ್ತು ನಿಮಿಷದಲ್ಲಿ ಕಲಿಯಬಹುದಾದ ವ್ಯಾಕರಣ.

ಆದರೆ ವ್ಯಾಕರಣ ಚಿಕ್ಕದಾದಷ್ಟೂ ಶಿಸ್ತು ಕಟ್ಟುನಿಟ್ಟು. ಎರಡು ಜೋಡಿಗಳ ನಡುವೆ ಅಲ್ಪವಿರಾಮ ಮರೆತರೆ ತಪ್ಪು. ಕೊನೆಯ ಜೋಡಿಯ ನಂತರ ಅಲ್ಪವಿರಾಮ ಹಾಕಿದರೂ ತಪ್ಪು. ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರು ‘ಹೋಗಲಿ, ಅರ್ಥವಾಯಿತು’ ಎಂದು ಅರ್ಧ ಅಂಕ ಕೊಟ್ಟಾರು. ಯಂತ್ರ ಅರ್ಧ ಅಂಕ ಕೊಡುವುದಿಲ್ಲ. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಪೂರಕಕ್ಕೆ ಪ್ರವೇಶವಿಲ್ಲ.

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಉದ್ಧರಣ ಚಿಹ್ನೆಯ ಒಳಗೆ ಕನ್ನಡ ಅಕ್ಷರ, ಕನ್ನಡ ಅಂಕಿ ಏನಿದ್ದರೂ ಸರಿಯೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೂ ತನ್ನದೇ ಸ್ಥಾನವಿದೆ. ಆದರೆ ಉದ್ಧರಣ ಚಿಹ್ನೆಯ ಹೊರಗೆ ಸಂಖ್ಯೆಯಾಗಿ ಬರೆಯುವಾಗ 9 ಎಂದೇ ಬರೆಯಬೇಕು, ೯ ಎಂದು ಬರೆದರೆ ಜೇಸನ್ ಒಪ್ಪುವುದಿಲ್ಲ. ಎರಡನೆಯದು, ಉದ್ಧರಣ ಚಿಹ್ನೆ ನೆಟ್ಟಗಿರಬೇಕು. ವರ್ಡ್ ಪ್ರೊಸೆಸರ್‌ನಲ್ಲಿ ಬರೆದು ನಕಲು ಮಾಡಿದರೆ ಅದು ನೆಟ್ಟಗಿನ ಚಿಹ್ನೆಯನ್ನು ಅಂದಕ್ಕಾಗಿ ಬಾಗಿಸಿರುತ್ತದೆ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಕಾಣದು, ಯಂತ್ರಕ್ಕೆ ಅವೆರಡೂ ಬೇರೆ ಬೇರೆ ಅಕ್ಷರಗಳು. ಸಾದಾ ಅಕ್ಷರಗಳ ಎಡಿಟರ್ ಏಕೆ ಬೇಕು ಎಂಬ ಪ್ರಶ್ನೆಗೆ ಇಲ್ಲೂ ಒಂದು ಉತ್ತರವಿದೆ.

ಜೇಸನ್‌ನಲ್ಲಿ ಟಿಪ್ಪಣಿ ಬರೆಯಲೂ ಅವಕಾಶವಿಲ್ಲ. ಇದು ಅನೇಕರ ದೂರು. ಕ್ರಾಕ್‌ಫರ್ಡ್ ಅವರು ಕೊಟ್ಟ ಕಾರಣ ಆಸಕ್ತಿಯದು. ಕೆಲವರು ಟಿಪ್ಪಣಿಗಳ ಒಳಗೆ ಯಂತ್ರಕ್ಕೆ ಗುಟ್ಟಿನ ಸೂಚನೆಗಳನ್ನು ಅಡಗಿಸತೊಡಗಿದ್ದರಂತೆ. ಹಾಗಾದರೆ ಒಂದೇ ಕಡತವನ್ನು ಒಂದು ಯಂತ್ರ ಒಂದು ರೀತಿ, ಇನ್ನೊಂದು ಯಂತ್ರ ಇನ್ನೊಂದು ರೀತಿ ಓದುವಂತಾಗುತ್ತದೆ. ಎಲ್ಲರೂ ಒಂದೇ ಅರ್ಥ ಮಾಡಿಕೊಳ್ಳಲಿ ಎಂದು ಅವರು ಟಿಪ್ಪಣಿಗಳನ್ನೇ ತೆಗೆದುಹಾಕಿದರು. ವಿಎಸ್ ಕೋಡ್ ಬಳಕೆದಾರರ ಸ್ವಂತ ಆಯ್ಕೆಗಳ ಕಡತದಲ್ಲಿ ಟಿಪ್ಪಣಿಗೆ ರಿಯಾಯಿತಿ ಕೊಟ್ಟಿದೆ, ಪೂರಕದ ನೋಂದಣಿ ಕಡತದಲ್ಲಿ ಆ ರಿಯಾಯಿತಿ ಇಲ್ಲ.

ಮೂರು ಅಂಕಿಗಳ ಮಾತು

ಆವೃತ್ತಿಯ ಕಲಂನಲ್ಲಿ 1.4.2 ಎಂಬಂಥ ಬರಹ ಕಾಣುತ್ತದೆ. ಇದು ದಶಮಾಂಶ ಸಂಖ್ಯೆಯಲ್ಲ. ಹಾಗಿದ್ದರೆ ಎರಡು ಬಿಂದುಗಳು ಹೇಗೆ ಬರಬೇಕು? ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಅವರು ರೂಪಿಸಿದ ಪದ್ಧತಿಯಂತೆ ಪ್ರತಿ ಅಂಕಿಗೂ ಒಂದು ಅರ್ಥವಿದೆ. ಕೊನೆಯದು ಬದಲಾದರೆ ಸಣ್ಣ ರಿಪೇರಿ. ನಡುವಿನದು ಬದಲಾದರೆ ಹಳೆಯದಕ್ಕೆ ತೊಂದರೆಯಾಗದಂತೆ ಹೊಸ ಸೌಲಭ್ಯ ಸೇರಿದೆ. ಮೊದಲನೆಯದು ಬದಲಾದರೆ ಜೋಕೆ, ಹಳೆಯ ಹೊಂದಾಣಿಕೆ ಮುರಿದಿರಬಹುದು.

1.9.0ರ ನಂತರ 1.10.0 ಬರುತ್ತದೆ. ದಶಮಾಂಶದ ಅಭ್ಯಾಸವಿರುವ ಮಕ್ಕಳು 1.10 ಎಂದರೆ 1.9ಕ್ಕಿಂತ ಕಡಿಮೆ ಎನ್ನುತ್ತಾರೆ. ಇಲ್ಲಿ ಹಾಗಲ್ಲ; ಪ್ರತಿ ಭಾಗವನ್ನೂ ಪೂರ್ಣಾಂಕವಾಗಿ ಹೋಲಿಸಬೇಕು. ಪುಸ್ತಕದ ಒಂಬತ್ತನೆಯ ಅಧ್ಯಾಯದ ನಂತರ ಹತ್ತನೆಯದು ಬಂದ ಹಾಗೆ.

‘ಎಂಜಿನ್ಸ್’ ಕಲಂನಲ್ಲಿ ^1.74.0 ಎಂದು ಬರೆದರೆ, ಎಡಿಟರ್‌ನ ಆವೃತ್ತಿ ಕನಿಷ್ಠ 1.74.0 ಇರಬೇಕು, 2.0.0 ಅಥವಾ ಅದಕ್ಕಿಂತ ಮೇಲಿನದು ಆಗಿರಬಾರದು ಎಂದರ್ಥ. ಹಳೆಯ ಎಡಿಟರ್ ಇಟ್ಟುಕೊಂಡವರಿಗೆ ಈ ಪೂರಕ ಸೇರುವುದಿಲ್ಲ. ‘ಯಾವ ಆವೃತ್ತಿಯಾದರೂ ಸರಿ’ ಎಂದು ಈ ಕಲಂನಲ್ಲಿ ನಕ್ಷತ್ರ ಚಿಹ್ನೆ ಹಾಕಲು ವಿಎಸ್ ಕೋಡ್ ಬಿಡುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಮೊದಲೇ ಜೋಡಿ ಸರಿಯಿದೆಯೇ ಎಂದು ನೋಡುವ ಏರ್ಪಾಡು ಇದು. ಹಳೆಯ ಕಂಪ್ಯೂಟರ್‌ಗಳಿರುವ ಪ್ರಯೋಗಾಲಯದಲ್ಲಿ ‘ನನ್ನ ಗೆಳೆಯನಿಗೆ ಬಂತು, ನನಗೇಕೆ ಬರಲಿಲ್ಲ?’ ಎಂಬ ಪ್ರಶ್ನೆ ಎದ್ದರೆ ಮೊದಲು ನೋಡಬೇಕಾದ ಕಲಂ ಇದೇ.

ಕರೆಗಂಟೆಯ ಶಿಸ್ತು

ಪೂರಕವನ್ನು ಯಾವಾಗ ಎಬ್ಬಿಸಬೇಕು? ಪೈಥಾನ್ ಕಡತ ತೆರೆದಾಗ ಎಬ್ಬಿಸಿ ಎನ್ನಬಹುದು. ಎಡಿಟರ್ ಪೂರ್ತಿ ಸಿದ್ಧವಾದ ಮೇಲೆ ಎಬ್ಬಿಸಿ ಎನ್ನಬಹುದು. ಒಂದು ನಕ್ಷತ್ರ ಚಿಹ್ನೆ ಹಾಕಿ, ಎಡಿಟರ್ ಆರಂಭವಾಗುತ್ತಲೇ ಎಬ್ಬಿಸಿ ಎಂದೂ ಹೇಳಬಹುದು. ಕೊನೆಯದು ಸಭ್ಯತೆಯಲ್ಲ. ಪ್ರತಿ ಪೂರಕವೂ ಹಾಗೆ ಕೇಳಿದರೆ ಹಳೆಯ ಕಾಲದ ನಿಧಾನವೇ ಮರಳಿ ಬರುತ್ತದೆ.

ಮೊದಲಿಗೆ, ಒಂದು ಆಜ್ಞೆಯನ್ನು ‘ಕಾಂಟ್ರಿಬ್ಯೂಟ್ಸ್’ನಲ್ಲಿ ಬರೆದವರು ಆ ಆಜ್ಞೆ ಕರೆದಾಗ ತಮ್ಮನ್ನು ಎಬ್ಬಿಸಿ ಎಂದು ಕರೆಗಂಟೆಯ ಕಲಂನಲ್ಲೂ ಮತ್ತೆ ಬರೆಯಬೇಕಿತ್ತು. ಒಂದೇ ಮಾತನ್ನು ಎರಡು ಕಡೆ ಬರೆಯಬೇಕಾದಾಗ ಒಂದು ಕಡೆ ಮರೆಯುವುದು ಸಹಜ. 2022ರ ಕೊನೆಯಲ್ಲಿ ಬಂದ 1.74ನೆಯ ಆವೃತ್ತಿಯಿಂದ ಈ ಎರಡನೆಯ ಬರಹ ಬೇಕಿಲ್ಲ. ಆಜ್ಞೆಯನ್ನು ನೋಂದಾಯಿಸಿದ್ದರೆ ಕರೆ ಬಂದಾಗ ಎಡಿಟರ್ ತಾನಾಗಿ ಎಬ್ಬಿಸುತ್ತದೆ. ಮಾಹಿತಿ ಒಂದೇ ಜಾಗದಲ್ಲಿದ್ದರೆ ತಪ್ಪಿಗೂ ಜಾಗ ಕಡಿಮೆ ಎಂಬ ಪಾಠ ಲೆಕ್ಕಪತ್ರ ಇಡುವವರಿಗೆ ಹೊಸದೇನಲ್ಲ.

ಎಚ್ಚರಗೊಂಡ ಪೂರಕಗಳು ಎಡಿಟರ್‌ನ ಮುಖ್ಯ ಪ್ರೋಗ್ರಾಮ್‌ನಲ್ಲಿ ನಡೆಯದೆ ಪಕ್ಕದ ಬೇರೊಂದು ಕೋಣೆಯಲ್ಲಿ ನಡೆಯುತ್ತವೆ. ಒಂದು ಪೂರಕ ಲೆಕ್ಕದಲ್ಲಿ ಮುಳುಗಿ ಕುಳಿತರೂ ಅಕ್ಷರ ಬರೆಯುವುದು ನಿಲ್ಲದಿರಲಿ ಎಂಬ ಕಾರಣಕ್ಕೆ.

ಫಲಕವನ್ನು ಎಷ್ಟು ನಂಬಬಹುದು?

ಹೆತ್ತವರೂ ಓದಲೇಬೇಕಾದ ಭಾಗ ಇದು. ಫಲಕದಲ್ಲಿ ಬರೆದದ್ದು ಪೂರಕ ಬರೆದವರ ಹೇಳಿಕೆ ಮಾತ್ರ. ಅದು ವಿವರವೇ ಹೊರತು ಪ್ರಮಾಣ ಪತ್ರವಲ್ಲ. ‘ಪದಗಳನ್ನು ಎಣಿಸುತ್ತೇನೆ’ ಎಂದು ಹೇಳಿಕೊಂಡ ಪೂರಕ ಪದ ಎಣಿಸುವುದರ ಜೊತೆಗೆ ಇನ್ನೇನು ಮಾಡುತ್ತದೆ ಎಂಬುದನ್ನು ನೋಂದಣಿ ಕಡತ ತಡೆಯಲಾರದು.

ಮೊಬೈಲ್ ಫೋನಿನಲ್ಲಿ ಹೊಸ ಆ್ಯಪ್ ಕ್ಯಾಮೆರಾ ಬಳಸಬೇಕಾದಾಗ ಅನುಮತಿ ಕೇಳುತ್ತದೆ. ಕ್ರೋಮ್ ಬ್ರೌಸರ್‌ನ ಪೂರಕಗಳ ನೋಂದಣಿ ಕಡತದಲ್ಲೂ ಬೇಕಾದ ಅನುಮತಿಗಳನ್ನು ಬರೆಯಬೇಕು. ವಿಎಸ್ ಕೋಡ್‌ನ ನೋಂದಣಿ ಕಡತದಲ್ಲಿ ಅಂಥ ಅನುಮತಿಗಳ ಪಟ್ಟಿ ಇಲ್ಲ. ಎಡಿಟರ್‌ಗೆ ಏನೇನು ಮಾಡಲು ಸಾಧ್ಯವೋ ಎದ್ದ ಪೂರಕಕ್ಕೂ ಅದೆಲ್ಲ ಸಾಧ್ಯ. ಕಡತಗಳನ್ನು ಓದಬಹುದು, ಬದಲಿಸಬಹುದು, ಇಂಟರ್‌ನೆಟ್‌ಗೆ ಮಾಹಿತಿ ಕಳಿಸಬಹುದು, ಬೇರೆ ಪ್ರೋಗ್ರಾಮ್‌ಗಳನ್ನು ನಡೆಸಬಹುದು. ಮಗ ಪ್ರಾಜೆಕ್ಟ್ ಮಾಡುವ ಅದೇ ಕಂಪ್ಯೂಟರ್‌ನಲ್ಲಿ ತಂದೆಯ ಬ್ಯಾಂಕ್ ಕಾಗದಗಳು, ತಾಯಿಯ ಕಚೇರಿಯ ಕಡತಗಳು ಇದ್ದರೆ ಇದು ಬರೀ ಮಕ್ಕಳ ವಿಷಯವಾಗಿ ಉಳಿಯುವುದಿಲ್ಲ.

ಕಾವಲು ಇಲ್ಲವೆಂದಲ್ಲ. ಪೂರಕಗಳ ಅಧಿಕೃತ ಮಳಿಗೆ ಹೊಸದಾಗಿ ಬಂದವನ್ನು ವೈರಸ್ ತಪಾಸಣೆಗೆ ಒಳಪಡಿಸುತ್ತದೆ, ಕೆಟ್ಟವು ಪತ್ತೆಯಾದರೆ ತೆಗೆದುಹಾಕುತ್ತದೆ. 2021ರಿಂದ ಅಪರಿಚಿತ ಫೋಲ್ಡರ್ ತೆರೆದಾಗ ‘ಇದನ್ನು ಬರೆದವರನ್ನು ನಂಬುತ್ತೀರಾ?’ ಎಂದು ಎಡಿಟರ್ ಕೇಳುತ್ತದೆ. ನಂಬಿಕೆಯಿಲ್ಲದ ಫೋಲ್ಡರ್‌ನಲ್ಲಿ ತಾನು ಕೆಲಸ ಮಾಡಬಲ್ಲೆನೋ ಇಲ್ಲವೋ ಎಂಬುದನ್ನೂ ಪೂರಕ ತನ್ನ ನೋಂದಣಿ ಕಡತದಲ್ಲಿ ಹೇಳಬಹುದು. 2025ರ ಆರಂಭದಿಂದ, ಹೊಸ ಪ್ರಕಾಶಕರೊಬ್ಬರ ಪೂರಕವನ್ನು ಮೊದಲ ಸಲ ಸೇರಿಸುವಾಗಲೂ ಇಂಥದೇ ಪ್ರಶ್ನೆ ಬರುತ್ತದೆ. ಕೆಲವು ಪ್ರಕಾಶಕರ ಹೆಸರಿನ ಪಕ್ಕದಲ್ಲಿ ನೀಲಿ ಗುರುತೂ ಇರುತ್ತದೆ. ಆ ವೆಬ್ ವಿಳಾಸ ನಿಜವಾಗಿಯೂ ಅವರದೇ ಎಂದು ಪರಿಶೀಲಿಸಲಾಗಿದೆ ಎಂಬುದು ಅದರ ಮುಖ್ಯ ಅರ್ಥ. ಅವರ ಪ್ರೋಗ್ರಾಮ್‌ನ ಪ್ರತಿ ಸಾಲನ್ನೂ ಯಾರೋ ಓದಿದ್ದಾರೆ ಎಂದು ಅರ್ಥವಲ್ಲ.

ಹೀಗಿರುವಾಗ ಫಲಕ ಓದುವುದರಿಂದ ಪ್ರಯೋಜನವೇನು? ಸುಳ್ಳನ್ನು ಪೂರ್ತಿ ಹಿಡಿಯಲಾಗದಿದ್ದರೂ ಹೊಂದದ ಮಾತನ್ನು ಹಿಡಿಯಬಹುದು. ಬರೀ ಬಣ್ಣ ಬದಲಿಸುವ ಪೂರಕವನ್ನು ನೋಡಿ. ಅದಕ್ಕೆ ಬಣ್ಣಗಳ ಪಟ್ಟಿ ಸಾಕು, ನಡೆಯುವ ಪ್ರೋಗ್ರಾಮ್ ಬೇಕಿಲ್ಲ. ಆದ್ದರಿಂದ ಅದರ ನೋಂದಣಿ ಕಡತದಲ್ಲಿ ‘ಮೇನ್’ ಎಂಬ ಕಲಂ ಸಾಮಾನ್ಯವಾಗಿ ಇರಬೇಕಾಗಿಲ್ಲ. ಇದ್ದರೆ ಅದು ಮೋಸವೇ ಎಂದಲ್ಲ, ಹೆಚ್ಚಿನ ಸೌಲಭ್ಯವೇನಾದರೂ ಇರಬಹುದು. ಆದರೆ ‘ಗೋಡೆಗೆ ಸುಣ್ಣ ಬಳಿಯಲು ಬಂದವರಿಗೆ ಬೀರುವಿನ ಕೀಲಿ ಏಕೆ?’ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಹಾಗೆಯೇ ಹೆಸರಾಂತ ಪೂರಕದ ಹೆಸರಿಗೆ ಒಂದಕ್ಷರ ಕೂಡಿಸಿ ಕಳೆದು ಮೋಸ ಮಾಡುವವರಿದ್ದಾರೆ. ಚಂದದ ಹೆಸರನ್ನು ಯಾರು ಬೇಕಾದರೂ ಹೋಲುವಂತೆ ಇಟ್ಟುಕೊಳ್ಳಬಹುದು. ಪ್ರಕಾಶಕರ ಹೆಸರು ಕೂಡಿದ ಪೂರ್ಣ ಗುರುತನ್ನು ಓದಿದರೆ ವ್ಯತ್ಯಾಸ ಬಯಲಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಮಾಡಿ ನೋಡಿ

1. ಎಡಿಟರ್‌ನಲ್ಲಿ ಹೊಸ ಕಡತ ತೆರೆದು, ಮೇಲಿನ ಸುಮಾಳ ಮಾದರಿಯಂತೆ ನಿಮ್ಮ ವಿವರ ಬರೆಯಿರಿ. ಕಡತದ ಹೆಸರಿನ ಕೊನೆಗೆ ‘ಡಾಟ್ ಜೇಸನ್’ ಸೇರಿಸಿ ಉಳಿಸಿ. ಈಗ ಬೇಕೆಂದೇ ಒಂದು ಅಲ್ಪವಿರಾಮ ಅಳಿಸಿ. ತರಗತಿಯ ಅಂಕಿಯನ್ನು ಕನ್ನಡ ಅಂಕಿಗೆ ಬದಲಿಸಿ. ಕೆಂಪು ಗೆರೆ ಎಲ್ಲಿ ಮೂಡಿತು? ತಪ್ಪಿರುವ ಸಾಲಿನಲ್ಲೋ, ಅದರ ಮುಂದಿನ ಸಾಲಿನಲ್ಲೋ? ಏಕೆ?

2. ಮನೆಯ ಕಂಪ್ಯೂಟರ್‌ನಲ್ಲಿ ವಿಎಸ್ ಕೋಡ್ ಇದ್ದರೆ, ಬಳಕೆದಾರರ ಫೋಲ್ಡರ್‌ನೊಳಗೆ ಬಿಂದುವಿನಿಂದ ಆರಂಭವಾಗುವ ‘ವಿಎಸ್‌ಕೋಡ್’ ಎಂಬ ಫೋಲ್ಡರ್, ಅದರೊಳಗೆ ‘ಎಕ್ಸ್‌ಟೆನ್ಷನ್ಸ್’ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿಯ ಒಂದು ಪೂರಕದ ನೋಂದಣಿ ಕಡತವನ್ನು ತೆರೆದು ಓದಿ, ಏನನ್ನೂ ಬದಲಿಸಬೇಡಿ. ನೋಟ್‌ಬುಕ್‌ನಲ್ಲಿ ಐದು ಉತ್ತರ ಬರೆಯಿರಿ: ಬರೆದವರು ಯಾರು? ಏನು ಕೊಡುತ್ತೇನೆ ಎನ್ನುತ್ತದೆ? ಯಾವಾಗ ಏಳುತ್ತದೆ? ಎಡಿಟರ್‌ನ ಯಾವ ಆವೃತ್ತಿ ಬೇಕು? ‘ಮೇನ್’ ಇದೆಯೇ?

3. ಎಡಿಟರ್‌ನ ಆಜ್ಞೆಗಳ ಪಟ್ಟಿಯಲ್ಲಿ ‘ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್’ ಎಂಬ ಆಜ್ಞೆಯನ್ನು ಹುಡುಕಿ ಒತ್ತಿ. ಈಗ ಎಚ್ಚರವಾಗಿರುವ ಪೂರಕಗಳು, ಅವು ಏಳಲು ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡವು ಎಂಬುದು ಕಾಣುತ್ತದೆ. ಅವನ್ನು ಇಳಿಕೆಯ ಕ್ರಮದಲ್ಲಿ ಬರೆದುಕೊಳ್ಳಿ. ಕಳೆದ ಒಂದು ತಿಂಗಳಿನಲ್ಲಿ ಒಮ್ಮೆಯೂ ಬಳಸದ ಪೂರಕಗಳು ಆ ಪಟ್ಟಿಯಲ್ಲಿ ಎಷ್ಟಿವೆ? ಅವನ್ನು ಮನೆಯ ಹಿರಿಯರ ಜೊತೆ ಕುಳಿತು ಒಂದೊಂದಾಗಿ ತೆಗೆದುಹಾಕಿ, ಎಡಿಟರ್ ತೆರೆಯಲು ಬೇಕಾಗುವ ಸಮಯವನ್ನು ಮತ್ತೆ ಅಳೆಯಿರಿ.